ಸಿಕ್ಕಿದವರಿಗೆ ಸೀರುಂಡೆ

ಮೂವತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿರುವ ನನಗೆ ಮಕ್ಕಳ ಕಾನೂನು ಬಾಯಿಪಾಠವಾಗಿದೆ. ಅದರಲ್ಲಿ ಆಸ್ತಿಗೆ ಸಂಬಂಧಪಟ್ಟ ಕಲಮು ಒಂದೇ: ಸಿಕ್ಕಿದವರಿಗೆ ಸೀರುಂಡೆ. ಮೈದಾನದಲ್ಲಿ ಬಿದ್ದ ಪೆನ್ನು, ನಲ್ಲಿಯ ಹತ್ತಿರ ಉರುಳಿದ ಐದು ರೂಪಾಯಿ ನಾಣ್ಯ, ಯಾರ ಕಣ್ಣಿಗೆ ಮೊದಲು ಬಿತ್ತೋ ಅವರದು. ಇದಕ್ಕೆ ವಿನಾಯಿತಿಯೂ ಒಂದೇ. ಕಳೆದುಕೊಂಡವರು ಅಳುತ್ತ ಬಂದು ಎದುರಿಗೆ ನಿಂತರೆ ಸೀರುಂಡೆಯನ್ನು ವಾಪಸು ಕೊಡಬೇಕು. ಕಳೆದುಕೊಂಡವರು ಬರದೇ ಇದ್ದರೆ? ಎಂದೆಂದಿಗೂ ಬರಲಾರದಷ್ಟು ಹಿಂದೆ ತೀರಿಕೊಂಡಿದ್ದರೆ? ಮಕ್ಕಳಿಗೆ ಈ ಪ್ರಶ್ನೆ ಏಳುವುದಿಲ್ಲ. ನನ್ನ ತಲೆಗೆ ಇದನ್ನು ಹಚ್ಚಿದವನು ನನ್ನ ತಂಗಿಯ ಮಗ.

ಅವನು ಇಂಗ್ಲೆಂಡಿನ ಸಫೋಕ್ ಜಿಲ್ಲೆಯ ಇಪ್ಸ್‌ವಿಚ್‌ನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಆ ಸೀಮೆಯಲ್ಲಿ ರಜದ ದಿನ ಮೆಟಲ್ ಡಿಟೆಕ್ಟರ್ ಹಿಡಿದು ಉತ್ತ ಹೊಲಗಳಲ್ಲಿ ಅಡ್ಡಾಡುವುದು ಅನೇಕರ ಹವ್ಯಾಸ. ನಮ್ಮಲ್ಲಿ ಗಾಳ ಹಿಡಿದು ಕೆರೆ ಏರಿಯ ಮೇಲೆ ಕೂರುವವರಿಲ್ಲವೇ, ಹಾಗೆ. ಮಾಲ್‌ಗಳ ಬಾಗಿಲಲ್ಲಿ ನಮ್ಮ ಮೈಮೇಲೆ ಕಾವಲಿನವರು ಆಡಿಸುತ್ತಾರಲ್ಲ, ಆ ಯಂತ್ರದ ಅಣ್ಣ ಇದು. ಉದ್ದನೆಯ ಕೋಲು, ಕೋಲಿನ ತುದಿಯಲ್ಲಿ ಒಂದು ತಟ್ಟೆ, ಕಿವಿಗೆ ಹೆಡ್‌ಫೋನು. "ದೊಡ್ಡಮ್ಮ, ನೀನು ಹಿಸ್ಟರಿ ಟೀಚರು. ಹಳೇ ನಾಣ್ಯ ಹುಡುಕೋಕೆ ಯಾವ ಮಷೀನು ತಗೊಳ್ಲಿ, ಹೇಳು" ಎಂದು ಕೇಳಿದ. ಪಾಣಿಪತ್ ಯುದ್ಧ ಯಾವ ವರ್ಷ ಎಂದು ಕೇಳಿದ್ದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ. ಇದಕ್ಕೆ ನಾನೇ ಕೂತು ಓದಬೇಕಾಯಿತು.

ಓದಿದೆ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರ ತಲೆಯನ್ನೂ ತಿಂದೆ. ಆ ತಟ್ಟೆಯೊಳಗೆ ತಾಮ್ರದ ತಂತಿಯ ಸುರುಳಿಗಳಿರುತ್ತವೆ. ಒಂದು ಸುರುಳಿಯಲ್ಲಿ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ವಿದ್ಯುತ್ತು ಹರಿದು ನೆಲದೊಳಕ್ಕೆ ಕಾಂತಕ್ಷೇತ್ರ ಇಳಿಯುತ್ತದೆ. ಅಲ್ಲಿ ಲೋಹವಿದ್ದರೆ ಅದರ ಮೈಯಲ್ಲಿ ಸುಳಿಸುಳಿಯಾಗಿ ಸಣ್ಣ ಪ್ರವಾಹ ಹುಟ್ಟಿ, ಅದು ತನ್ನದೇ ಕಾಂತಕ್ಷೇತ್ರವನ್ನು ಎಬ್ಬಿಸುತ್ತದೆ. ಇನ್ನೊಂದು ಸುರುಳಿ ಅದನ್ನು ಕೇಳಿಸಿಕೊಳ್ಳುತ್ತದೆ. ಬಾವಿಗೆ ಬಾಗಿ ಕೂಗಿ ಮರುದನಿಗೆ ಕಿವಿಗೊಟ್ಟ ಹಾಗೆ ಎಂದರು ಮೇಷ್ಟ್ರು. ಕಡಿಮೆ ಕಿಲೋಹರ್ಟ್ಸಿನ ಯಂತ್ರ ದೊಡ್ಡ ಬೆಳ್ಳಿ ನಾಣ್ಯವನ್ನು ಆಳದಿಂದ ಹಿಡಿಯುತ್ತದೆ. ಹೆಚ್ಚಿನದು ಚಿಕ್ಕದನ್ನು, ತೆಳ್ಳನೆಯದನ್ನು. ತಟ್ಟೆ ದೊಡ್ಡದಾದರೆ ಆಳ ಸಿಕ್ಕುತ್ತದೆ, ಆದರೆ ಒಂದರ ಪಕ್ಕ ಒಂದು ಬಿದ್ದಿರುವ ಮೊಳೆ ಮತ್ತು ನಾಣ್ಯವನ್ನು ಬಿಡಿಸಿ ಹೇಳುವುದು ಅದಕ್ಕೆ ಕಷ್ಟ. ಈಗ ಮೈನ್‌ಲ್ಯಾಬ್, ನೋಕ್ಟಾ ಮುಂತಾದವರು ಹಲವು ಕಂಪನಗಳನ್ನು ಒಟ್ಟಿಗೆ ಕಳಿಸುವ ಯಂತ್ರ ಮಾಡುತ್ತಾರೆ. ಗ್ಯಾರೆಟ್ ಕಂಪನಿಯ ಸರಳ ಯಂತ್ರಗಳಿಂದ ಕಲಿತವರೇ ಹೆಚ್ಚು. ಬೆಲೆ ಇನ್ನೂರು ಮುನ್ನೂರು ಪೌಂಡಿನಿಂದ ಹಿಡಿದು ಸಾವಿರ ದಾಟುತ್ತದೆ. ಇಷ್ಟೆಲ್ಲ ಇದ್ದರೂ ನಾಣ್ಯದಷ್ಟು ಚಿಕ್ಕ ವಸ್ತುವನ್ನು ಇವು ಕೇಳಿಸಿಕೊಳ್ಳುವುದು ಸುಮಾರು ಗೇಣುದ್ದದ ಆಳದವರೆಗೆ. ಕೊಪ್ಪರಿಗೆ ಹೊನ್ನಿನ ಕನಸು ಕಾಣುವವರು ಇದನ್ನು ಮೊದಲು ತಿಳಿದಿರುವುದು ಒಳ್ಳೆಯದು.

ಇಲ್ಲಿ ಒಂದು ಹಳೆಯ ಕತೆ ನೆನಪಾಗುತ್ತದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಬಿತ್ತು. ಗುಂಡು ಮೈಯೊಳಗೆ ಎಲ್ಲಿದೆ ಎಂದು ವೈದ್ಯರಿಗೆ ಗೊತ್ತಾಗಲಿಲ್ಲ. ಟೆಲಿಫೋನಿನ ಗ್ರಹಾಂ ಬೆಲ್ ಇಂಥದೇ ಒಂದು ಯಂತ್ರ ಕಟ್ಟಿಕೊಂಡು ಬಂದು ರೋಗಿಯ ಮೈಮೇಲೆ ಆಡಿಸಿದ. ಗುಂಡು ಸಿಕ್ಕಲಿಲ್ಲ. ವೈದ್ಯರು ತಾವು ಊಹಿಸಿದ ಬಲಮಗ್ಗುಲಲ್ಲೇ ಹುಡುಕು ಎಂದಿದ್ದರು. ಅದರ ಮೇಲೆ ಹಾಸಿಗೆಯೊಳಗಿನ ಲೋಹದ ಸ್ಪ್ರಿಂಗುಗಳು ಬೇರೆ ದನಿಗೂಡಿಸುತ್ತಿದ್ದವು. ಯಂತ್ರವೇನೋ ಸರಿಯಾಗಿಯೇ ಇತ್ತು. ಎಲ್ಲಿ ಕೇಳಬೇಕು, ಏನನ್ನು ಕೇಳಬಾರದು ಎಂದು ತೀರ್ಮಾನಿಸಿದವರು ಮನುಷ್ಯರು.

ಯಂತ್ರ ಆರಿಸುವವರು ಅತಿ ಹೆಚ್ಚು ಚರ್ಚಿಸುವ ಗುಣವೂ ಇದೇ. ಯಾವ ಲೋಹ ಕಂಡರೆ ಸುಮ್ಮನಿರಬೇಕು ಎಂದು ಯಂತ್ರಕ್ಕೆ ಮೊದಲೇ ಹೇಳಿಡಬಹುದು. ಕಬ್ಬಿಣ ಬೇಡ ಎಂದು ಗುಂಡಿ ಒತ್ತಿದರೆ ಕಬ್ಬಿಣಕ್ಕೆ ಅದು ಕಿವುಡಾಗುತ್ತದೆ. ಇದನ್ನು ಅವರು ಡಿಸ್ಕ್ರಿಮಿನೇಷನ್ ಎನ್ನುತ್ತಾರೆ. ನಾನು ತರಗತಿಯಲ್ಲಿ ಸಂವಿಧಾನದ 15ನೇ ವಿಧಿ ಬರೆಸುವಾಗ ಇದೇ ಮಾತಿಗೆ ತಾರತಮ್ಯ ಎಂದು ಬರೆಸುತ್ತೇನೆ! ಆ ಜನರಿಗೆ ಅದರಲ್ಲಿ ಕೆಟ್ಟದ್ದೇನೂ ಇಲ್ಲ, ಹೊಲದಲ್ಲಿ ಸಾವಿರ ಮೊಳೆಗಳಿರುತ್ತವೆ, ಎಲ್ಲಕ್ಕೂ ಬಗ್ಗಿ ಅಗೆದರೆ ಸೊಂಟ ಉಳಿಯುವುದಿಲ್ಲ. ಆದರೆ ಈ ತಾರತಮ್ಯ ನಾಣ್ಯ ಬೇಟೆಗೇ ತಿರುಗುಬಾಣವಾಗುವುದೂ ಉಂಟು. ಇಂಗ್ಲೆಂಡಿನ ಮಧ್ಯಯುಗದ ಸುತ್ತಿಗೆಯಲ್ಲಿ ಬಡಿದು ಅಚ್ಚೊತ್ತಿದ ಬೆಳ್ಳಿ ನಾಣ್ಯ ಎಷ್ಟು ತೆಳ್ಳಗೆ ಎಂದರೆ ಅದರ ದನಿ ಸಿಗರೇಟು ಪ್ಯಾಕಿನ ಬೇಗಡೆಯ ದನಿಗೆ ಹತ್ತಿರ. ಚಿನ್ನದ ದನಿ ತಂಪು ಪಾನೀಯದ ಡಬ್ಬಿಯ ಅಲ್ಯುಮಿನಿಯಂ ಕೊಂಡಿಯಂತೆ. ಕಸ ಬೇಡ ಎಂದವನ ಕೈಗೆ ಚಿನ್ನವೂ ಬರುವುದಿಲ್ಲ.

ನನಗೆ ಕಾಡಿದ್ದು ಚಿನ್ನವಲ್ಲ, ಕಬ್ಬಿಣ. ನೆಲದೊಳಗಿನ ಕಬ್ಬಿಣ ಎಂದರೆ ಏನು? ಮುರಿದ ಕುಡುಗೋಲು, ಸವೆದ ನೇಗಿಲ ಗುಳ, ಲಾಳ, ಬಾಗಿಲ ಚಿಲಕ, ಮೊಳೆ. ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಕಲ್ಗೋರಿಗಳಲ್ಲಿ ಸತ್ತವರ ಜೊತೆಗೆ ಇಟ್ಟದ್ದು ಕಬ್ಬಿಣದ ಹತಾರಗಳನ್ನು. ಬೆಳ್ಳಿ ನಾಣ್ಯವನ್ನು ಕಂಡೇ ಇರದ ಜನರು ಬಿಟ್ಟುಹೋದ ಗುರುತು ಇದು. ಬರೀ ನಾಣ್ಯಕ್ಕೆ ಕಿವಿ ತೆರೆದ ಯಂತ್ರ ಅವರ ಹೊಲದ ಮೇಲೆ ಸದ್ದಿಲ್ಲದೆ ದಾಟಿಹೋಗುತ್ತದೆ. ಹಾಗೆ ನೋಡಿದರೆ ನಾವು ಬರೆಸುವ ಚರಿತ್ರೆಯ ನೋಟ್ಸೂ ಅಷ್ಟೇ, ಅನ್ನಿ.

ಇವನು ಇರುವ ಸಫೋಕಿನಲ್ಲೇ ಹಾಕ್ಸ್‌ನ್ ಎಂಬ ಹಳ್ಳಿ ಇದೆ. 1992ರ ನವೆಂಬರಿನಲ್ಲಿ ಅಲ್ಲಿಯ ಒಬ್ಬ ರೈತ ಹೊಲದಲ್ಲಿ ಸುತ್ತಿಗೆ ಕಳೆದುಕೊಂಡ. ಗೆಳೆಯ ಎರಿಕ್ ಲಾಸ್ ತನ್ನ ಡಿಟೆಕ್ಟರ್ ತಂದು ಹುಡುಕತೊಡಗಿದ. ಸಿಕ್ಕಿದ್ದು ಬೆಳ್ಳಿ ಚಮಚ, ಚಿನ್ನದ ಸರಪಳಿ, ನಾಣ್ಯಗಳ ಮೇಲೆ ನಾಣ್ಯ. ಆ ಮನುಷ್ಯ ಅಲ್ಲಿಗೆ ಅಗೆಯುವುದನ್ನು ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದ. ಪುರಾತತ್ವದವರು ಬಂದು ಉಳಿದದ್ದನ್ನು ಕ್ರಮವಾಗಿ ಬಿಡಿಸಿದರು. ರೋಮನ್ ಕಾಲದ ಸುಮಾರು 15,000 ನಾಣ್ಯಗಳು, ಜೊತೆಗೆ ಒಡವೆ, ಪಾತ್ರೆ. ಕೈಗೆ ಸಿಕ್ಕಿದಷ್ಟು ಬಾಚಿಕೊಂಡಿದ್ದರೆ ಮಣ್ಣಾಗಿ ಹೋಗುತ್ತಿದ್ದ ಇನ್ನೊಂದು ಸಂಗತಿ ಇದರಿಂದ ಉಳಿಯಿತು: ಅದೆಲ್ಲ ಒಂದು ಮರದ ಪೆಟ್ಟಿಗೆಯಲ್ಲಿತ್ತು, ಪೆಟ್ಟಿಗೆಯೊಳಗೆ ಚಿಕ್ಕ ಪೆಟ್ಟಿಗೆಗಳಿದ್ದವು, ಅವಕ್ಕೆ ಪುಟ್ಟ ಬೆಳ್ಳಿ ಬೀಗಗಳಿದ್ದವು. ಅಂದರೆ ಯಾರೋ ನಿಧಾನವಾಗಿ, ಮುಟ್ಟಿ ಮುಟ್ಟಿ ಜೋಡಿಸಿ ಇಟ್ಟದ್ದು. ಒಂದು ಚಿನ್ನದ ಬಳೆಯ ಮೇಲೆ ಜೂಲಿಯಾನಾ ಎಂಬ ಹೆಂಗಸಿನ ಹೆಸರಿದೆ, ಇದನ್ನು ತೊಟ್ಟು ಸುಖವಾಗಿರು ಎಂಬ ಹಾರೈಕೆ ಇದೆ. ಕೊನೆಯ ನಾಣ್ಯಗಳು ಕ್ರಿ.ಶ. 407-408ರವು, ರೋಮನ್ನರ ಆಡಳಿತ ಬ್ರಿಟನ್ನಿನಲ್ಲಿ ಕುಸಿಯುತ್ತಿದ್ದ ಹೊತ್ತು. ಗಂಟಿನಲ್ಲಿ ಬೆಳ್ಳಿಯ ಮೆಣಸಿನ ಡಬ್ಬಿಗಳೂ ಇದ್ದವು, ಒಂದು ರಾಣಿಯ ಆಕಾರದ್ದು. ಆ ಕರಿಮೆಣಸು ಹೋದದ್ದು ನಮ್ಮ ಪಡುವಣ ಕರಾವಳಿಯ ಕಡೆಯಿಂದ. ಮೆಣಸು ಆ ಕಡೆಗೆ, ರೋಮಿನ ನಾಣ್ಯ ಈ ಕಡೆಗೆ. ನಮ್ಮ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ರಾಶಿಯೇ ಸಿಕ್ಕಿತ್ತಲ್ಲ!

ಸರ್ಕಾರ ಕೊಟ್ಟ 17.5 ಲಕ್ಷ ಪೌಂಡ್ ಬಹುಮಾನವನ್ನು ಲಾಸ್ ರೈತನ ಜೊತೆ ಹಂಚಿಕೊಂಡ. ಸುತ್ತಿಗೆಯೂ ಸಿಕ್ಕಿತು. ಅದು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಇದರ ನಂತರ 1996ರಲ್ಲಿ ಅಲ್ಲಿ ಹೊಸ ನಿಧಿ ಕಾಯ್ದೆ ಬಂತು. ಮುನ್ನೂರು ವರ್ಷ ದಾಟಿದ ಎರಡು ಅಥವಾ ಹೆಚ್ಚು ಚಿನ್ನ, ಬೆಳ್ಳಿಯ ನಾಣ್ಯಗಳು ಒಟ್ಟಿಗೆ ಸಿಕ್ಕರೆ ಹದಿನಾಲ್ಕು ದಿನದೊಳಗೆ ತಿಳಿಸಬೇಕು. ಬಿಡಿ ನಾಣ್ಯಕ್ಕೆ ಆ ಕಟ್ಟಳೆ ಇಲ್ಲ. ಆದರೂ ಅಲ್ಲಿ ಸ್ವಂತ ಇಚ್ಛೆಯಿಂದ ದಾಖಲಿಸುವ ಒಂದು ಯೋಜನೆ ನಡೆಯುತ್ತಿದೆ, ಹದಿನೈದು ಲಕ್ಷಕ್ಕೂ ಹೆಚ್ಚು ವಸ್ತುಗಳು ದಾಖಲಾಗಿವೆ. ಎಲ್ಲರೂ ಲಾಸ್ ಆಗುತ್ತಾರೆಯೇ? 2015ರಲ್ಲಿ ಲೆಮ್‌ಸ್ಟರ್ ಬಳಿ ಇಬ್ಬರಿಗೆ ವೈಕಿಂಗ್ ಕಾಲದ ಗಂಟು ಸಿಕ್ಕಿತು. ಅವರು ತಿಳಿಸಲಿಲ್ಲ, ಸದ್ದಿಲ್ಲದೆ ಮಾರಹೊರಟರು. ಸುಮಾರು ಮುನ್ನೂರು ನಾಣ್ಯಗಳಿದ್ದವೆಂದು ಅಂದಾಜು, ಮೊಕದ್ದಮೆಯ ಹೊತ್ತಿಗೆ ಕೈಗೆ ಬಂದಿದ್ದದ್ದು ಮೂವತ್ತರ ಆಸುಪಾಸು. 2019ರಲ್ಲಿ ಇಬ್ಬರಿಗೂ ದೀರ್ಘ ಜೈಲಾಯಿತು. ಆ ನಾಣ್ಯಗಳಲ್ಲಿ ಕೆಲವದರ ಮೇಲೆ ಇಬ್ಬರು ದೊರೆಗಳು ಅಕ್ಕಪಕ್ಕ ಕುಳಿತ ಚಿತ್ರವಿದೆ. ವೆಸೆಕ್ಸಿನ ಆಲ್ಫ್ರೆಡ್, ಮರ್ಸಿಯಾದ ಕಿಯೋಲ್‌ವುಲ್ಫ್, ಇಬ್ಬರೂ ಮಿತ್ರರೆಂದು ಸಾರುವ ಅಚ್ಚು. ಆಲ್ಫ್ರೆಡನ ಕಡೆಯವರು ಬರೆದಿಟ್ಟ ಚರಿತ್ರೆಯಲ್ಲಿ ಈ ಎರಡನೆಯವನು ಕೆಲಸಕ್ಕೆ ಬಾರದ ಪೆದ್ದ. ಒಬ್ಬ ಮನುಷ್ಯನ ಮೇಲೆ ಸಾವಿರ ವರ್ಷ ಕೂತ ಕೆಟ್ಟ ಹೆಸರನ್ನು ಅಳಿಸಬಲ್ಲ ಸಾಕ್ಷಿ ಅದು. ಅದರಲ್ಲಿ ಬಹುಪಾಲು ಯಾರ ಯಾರ ಜೇಬಿಗೋ ಹೋಯಿತು. ಅದೇ 2015ರಲ್ಲಿ ವಾಟ್ಲಿಂಗ್‌ಟನ್ ಹತ್ತಿರ ಇಂಥದೇ ಗಂಟು ಕಂಡ ಇನ್ನೊಬ್ಬ ತಿಳಿಸಿದ. ಅದನ್ನು ಮಣ್ಣಿನ ಹೆಂಟೆಯ ಸಮೇತ ಎತ್ತಿ ಒಯ್ದು ಬಿಡಿಸಿದರು. ಈಗ ಜನ ನೋಡುವಂತೆ ಆಕ್ಸ್‌ಫರ್ಡಿನಲ್ಲಿದೆ. ಎರಡು ಕಡೆಯೂ ಯಂತ್ರ ಹೆಚ್ಚುಕಡಿಮೆ ಅದೇ ಜಾತಿಯದೇ ಇರಬೇಕು.

ಶಾಲೆಯಲ್ಲಿ ಯಾವುದಾದರೂ ಮಗು "ಮಿಸ್, ಇದು ಸಿಕ್ತು" ಎಂದು ಏನನ್ನಾದರೂ ತಂದುಕೊಟ್ಟರೆ ನಾನು ಮೊದಲು ಯಾರದು ಎಂದು ಕೇಳುವುದಿಲ್ಲ. ಎಲ್ಲಿ ಸಿಕ್ಕಿತು ಎಂದು ಕೇಳುತ್ತೇನೆ. ಕಾಲ್ಗೆಜ್ಜೆಯ ಒಂದು ಗೆಜ್ಜೆ ಮೇಜಿನ ಮೇಲಿಟ್ಟು ಯಾರದು ಎಂದರೆ ಹತ್ತು ಹುಡುಗಿಯರು ಕೈಯೆತ್ತುತ್ತಾರೆ. ಕುಂಟೆಬಿಲ್ಲೆ ಆಡುವ ಬೇವಿನ ಮರದ ಬುಡದಲ್ಲಿ, ಕಲ್ಲಿನ ಪಕ್ಕ ಎಂದು ತಂದವಳು ಹೇಳಿದರೆ ಒಬ್ಬಳ ಮುಖ ಮಾತ್ರ ಬದಲಾಗುತ್ತದೆ. ಚಿತ್ರದುರ್ಗದ ಚಂದ್ರವಳ್ಳಿಗೆ ಮಕ್ಕಳನ್ನು ಕರೆದೊಯ್ದಾಗಲೂ ಇದನ್ನೇ ಹೇಳುತ್ತೇನೆ. ಅಲ್ಲಿ 1929ರಲ್ಲಿ ಡಾ. ಎಂ.ಎಚ್. ಕೃಷ್ಣ ಅಗೆಸಿದರು, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದ. ಸಿಕ್ಕಿದ್ದರಲ್ಲಿ ರೋಮಿನ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯವೂ ಒಂದು. ಅವನು ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಅದೇ ನಾಣ್ಯ ಅಂಗಡಿಯಲ್ಲಿ ಸಿಕ್ಕಿದ್ದರೆ ಟೈಬೀರಿಯಸನ ಮುಖ ಹೀಗಿತ್ತು ಎನ್ನುವುದಕ್ಕಿಂತ ಹೆಚ್ಚೇನನ್ನೂ ಹೇಳುತ್ತಿರಲಿಲ್ಲ. ಮಣ್ಣಿನ ಒಂದು ಪದರದಲ್ಲಿ, ಶಾತವಾಹನ ಕಾಲದ ಜನ ಉಂಡು ಒಡೆದ ಮಡಕೆಗಳ ಚೂರಿನ ನಡುವೆ ಸಿಕ್ಕಿದ್ದರಿಂದ ಆ ಮಡಕೆಗಳಿಗೂ, ಅಂಥ ಮಡಕೆ ಸಿಕ್ಕಿದ ಬೇರೆ ಊರುಗಳಿಗೂ ವಯಸ್ಸು ಹೇಳಲು ಆಧಾರವಾಯಿತು. ಡಿಟೆಕ್ಟರ್ ಹಿಡಿದವನು ನಾಣ್ಯವೊಂದನ್ನೇ ಕಿತ್ತು ತೆಗೆದಾಗ ಮಡಕೆ ಚೂರು ಅವನಿಗೆ ಸದ್ದು ಮಾಡುವುದಿಲ್ಲ. ಮಣ್ಣಿಗೆ ದನಿಯಿಲ್ಲ.

ಇನ್ನು ನಿಧಿ ಎಂಬ ಮಾತು. ನಮ್ಮ ಅತ್ತೆಯವರು ತೀರಿಕೊಂಡ ತಿಂಗಳ ಮೇಲೆ ಅಟ್ಟದ ರಾಗಿ ಗುಡಾಣ ಬರಿದು ಮಾಡುವಾಗ ತಳದಲ್ಲಿ ಒಂದು ಬಟ್ಟೆಯ ಗಂಟು ಸಿಕ್ಕಿತು. ಐದನೇ ಜಾರ್ಜನ ಏಳು ಬೆಳ್ಳಿ ರೂಪಾಯಿ, ಒಂದು ಮೂಗುಬೊಟ್ಟು. ಕೈಹಾಕಿ ತೆಗೆದವನು ನನ್ನ ಮೈದುನನ ಮಗ, ಎಂಟು ವರ್ಷದವನು. ಸಿಕ್ಕಿದವರಿಗೆ ಸೀರುಂಡೆ ಎಂದು ಆ ಮಗು ಕೂಡ ಅನ್ನಲಿಲ್ಲ. ಯಾಕೆಂದರೆ ಅದನ್ನು ಯಾರು ಕಟ್ಟಿದ್ದು, ಗಂಟಿನ ಸುತ್ತು ಯಾರ ಕೈಯದು, ಯಾರ ಕಣ್ಣು ತಪ್ಪಿಸಿ ಇಟ್ಟದ್ದು ಎಂಬುದು ಎಲ್ಲರಿಗೂ ಗೊತ್ತಿತ್ತು. 2016ರಲ್ಲಿ ನೋಟು ರದ್ದಾದಾಗ ನಮ್ಮ ಬೀದಿಯ ಎಷ್ಟೋ ಸಾಸಿವೆ ಡಬ್ಬಿಗಳ ಗುಟ್ಟು ಒಂದೇ ವಾರದಲ್ಲಿ ಹೊರಬಿದ್ದದ್ದನ್ನೂ ನೋಡಿದ್ದೇನೆ. ಆ ಹೆಂಗಸರು ಗಂಡಂದಿರ ಮುಂದೆ ನೋಟು ಎಣಿಸಿ ಇಡುವಾಗ ಕಳ್ಳತನ ಸಿಕ್ಕಿಬಿದ್ದವರ ಹಾಗೆ ನಿಂತಿದ್ದರು. ಜೂಲಿಯಾನಾಳ ಪೆಟ್ಟಿಗೆಗೂ ನಮ್ಮ ಅತ್ತೆಯ ಗಂಟಿಗೂ ನನಗೆ ಕಾಣುವ ವ್ಯತ್ಯಾಸ ನಡುವೆ ಕಳೆದ ವರ್ಷಗಳದ್ದು ಮಾತ್ರ. ನೆಲದಲ್ಲಿ ಹೂತಿಟ್ಟ ಒಂದೊಂದು ಗಂಟಿನ ಹಿಂದೆಯೂ ಮತ್ತೆ ಬಂದು ತೆಗೆಯುತ್ತೇನೆ ಎಂದುಕೊಂಡು ಹೋಗಿ ಬಾರದೇ ಇದ್ದ ಒಬ್ಬರಿದ್ದಾರೆ. ನಿಧಿಯನ್ನು ಸರ್ಪ ಕಾಯುತ್ತದೆ ಎಂಬ ನಮ್ಮ ಹಿರಿಯರ ಮಾತನ್ನು ನಾನು ನಂಬುವವಳಲ್ಲ. ಆದರೂ ಅದಕ್ಕೊಂದು ವಾರಸುದಾರ ಇದ್ದಾನೆ, ಸುಮ್ಮನೆ ಕೈಹಾಕಬೇಡ ಎಂಬುದನ್ನು ಅವರು ಬೇರೆ ಹೇಗೆ ತಾನೇ ಹೇಳಬೇಕಿತ್ತು?

ಇಷ್ಟಾಗುವಾಗ ಹುಡುಗ ಇನ್ನೊಂದು ಮಾತು ತೆಗೆದ. ಮುಂದಿನ ರಜಕ್ಕೆ ಬರುವಾಗ ಯಂತ್ರವನ್ನು ಇಲ್ಲಿಗೂ ತರುತ್ತಾನಂತೆ. ನಮ್ಮ ತವರಿನ ಹೊಲದ ಅಂಚಿಗೆ ಒಂದು ಹಾಳೂರು ದಿಣ್ಣೆ ಇದೆ. ಬೂದು ಮಣ್ಣು, ತುಂಬ ಮಡಕೆ ಚೂರು. ನಾವು ಚಿಕ್ಕವರಿದ್ದಾಗ ಅಲ್ಲಿ ಮಳೆ ನಿಂತ ಮೇಲೆ ಮಣಿ ಆಯುತ್ತಿದ್ದೆವು. "ನಮ್ಮದೇ ಹೊಲ ಅಲ್ವಾ ದೊಡ್ಡಮ್ಮ" ಎಂದ. ಹೊಲ ನಮ್ಮದು, ನಿಜ. ಒಳಗಿರುವುದು ನಮ್ಮದಲ್ಲ. 1878ರ ಭಾರತದ ನಿಧಿ ಕಾಯ್ದೆಯೇ ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಎಂದಿತ್ತು; ನಮ್ಮ ರಾಜ್ಯಕ್ಕೆ 1962ರ ತನ್ನದೇ ಕಾಯ್ದೆ ಇದೆ. ನೂರು ವರ್ಷ ದಾಟಿದ ನಾಣ್ಯವನ್ನು ಸೂಟ್‌ಕೇಸಿನಲ್ಲಿಟ್ಟು ಇಪ್ಸ್‌ವಿಚ್‌ಗೆ ಒಯ್ಯುವುದು 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಅಪರಾಧ. ಇದಕ್ಕಿಂತ ನನ್ನನ್ನು ಹೆದರಿಸುವುದು ಬೇರೆ. ಹಳೇ ದಿಣ್ಣೆಯ ಮೇಲೆ ವಿದೇಶದಿಂದ ಬಂದವನೊಬ್ಬ ಯಂತ್ರ ಆಡಿಸಿದ ಎಂಬ ಸುದ್ದಿ ಸಂಜೆಯೊಳಗೆ ಮೂರು ಹಳ್ಳಿ ದಾಟುತ್ತದೆ. ಅವನು ವಿಮಾನ ಹತ್ತಿದ ಮಾರನೆಯ ರಾತ್ರಿ ಗುದ್ದಲಿಗಳು ಬರುತ್ತವೆ. 2019ರ ಜುಲೈಯಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿ ಆಸೆಗೆ ರಾತ್ರೋರಾತ್ರಿ ಕೆಡವಿದರು. ಅಂಥ ಹೆಸರಾಂತ ಜಾಗಕ್ಕೇ ಆ ಗತಿ. ಮಾರನೆಯ ದಿನ ಭಕ್ತರು ಸೇರಿ ಅದನ್ನು ಮತ್ತೆ ಕಟ್ಟಿದರು; ನಮ್ಮ ದಿಣ್ಣೆಗೆ ಯಾರು ಬರುತ್ತಾರೆ?

ಅವನೂ ಸುಮ್ಮನೆ ಕೂರುವ ಹುಡುಗನಲ್ಲ. "ಬೇಡ ಅಂದ್ರೆ ಆ ದಿಣ್ಣೆ ಉಳಿಯುತ್ತಾ? ಹೋದ ಸಲ ಬಂದಾಗಲೇ ಅರ್ಧ ಖಾಲಿಯಾಗಿತ್ತು. ಗೊಬ್ಬರದ ಮಣ್ಣು ಅಂತ ಟ್ರ್ಯಾಕ್ಟರಿನಲ್ಲಿ ಹೊಡೀತಾರೆ, ಲೇಔಟಿಗೆ ಅಂತ ಜೆಸಿಬಿ ಬರುತ್ತೆ. ಜೆಸಿಬಿಗೆ ಯಾವ ಪದರ ದೊಡ್ಡಮ್ಮ? ನಾನು ಹುಡುಕಿದ್ರೆ ಒಂದು ಫೋಟೋ ಆದ್ರೂ ಉಳಿಯುತ್ತೆ." ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಅವನು ಹೇಳುವುದು ಸುಳ್ಳಲ್ಲ. ಇಂಗ್ಲೆಂಡಿನಲ್ಲೂ ಹವ್ಯಾಸಿಗಳು ಇದನ್ನೇ ಹೇಳುತ್ತಾರೆ, ನೇಗಿಲೂ ರಸಗೊಬ್ಬರವೂ ತಿಂದುಹಾಕುವ ನಾಣ್ಯವನ್ನು ನಾವು ಉಳಿಸುತ್ತಿದ್ದೇವೆ ಎಂದು. ಅಲ್ಲಿ ಆ ಮಾತಿಗೆ ತೂಕವಿದೆ, ಸಿಕ್ಕಿದ್ದನ್ನು ಬರೆದುಕೊಳ್ಳಲು ಎದುರಿಗೆ ಒಬ್ಬರು ಕೂತಿದ್ದಾರೆ. ನಮ್ಮ ದಿಣ್ಣೆಯ ಬಗ್ಗೆ ಸಂಬಂಧಪಟ್ಟ ಕಚೇರಿಯೊಂದಕ್ಕೆ ನಾನು ಎರಡು ಸಲ ಪತ್ರ ಬರೆದೆ, ಸರ್ವೆ ನಂಬರು ಸಮೇತ. ಉತ್ತರ ಬಂದಿಲ್ಲ. ಮೂರನೆಯದನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹಾಕಿದ್ದೇನೆ. ಉಳಿದ ಅರ್ಧ ದಿಣ್ಣೆಯ ಮಣ್ಣು ಮಾರಬೇಡ ಎಂದು ತಮ್ಮನಿಗೆ ಹೇಳಿದ್ದಕ್ಕೆ ಅವನು ಒಂದು ಲೋಡಿಗೆ ಎಷ್ಟು ಎಂದು ಲೆಕ್ಕ ಹೇಳಿ ನಕ್ಕ. ಸದ್ಯಕ್ಕೆ ಮಾರಿಲ್ಲ.

ಹುಡುಗನಿಗೆ ಕೊನೆಗೆ ನಾನು ಹೇಳಿದ್ದು ಇಷ್ಟು. ಯಂತ್ರ ಅಲ್ಲೇ ಇರಲಿ. ಮಧ್ಯಮ ಬೆಲೆಯದು ಸಾಕು. ಹಲವು ಕಂಪನದ್ದಾದರೆ ಒಳ್ಳೆಯದು, ತೂಕ ಒಂದೂವರೆ ಕಿಲೋ ದಾಟದಿರಲಿ, ತಟ್ಟೆ ತೀರ ದೊಡ್ಡದು ಬೇಡ. ಹೊಲದ ಯಜಮಾನನ ಒಪ್ಪಿಗೆಯನ್ನು ಬರಹದಲ್ಲಿ ತಗೋ. ಯಂತ್ರದ ಹಣದಲ್ಲಿ ಒಂದಿಷ್ಟು ಉಳಿಸಿ ಜಾಗದ ಗುರುತು ತೋರಿಸುವ ಒಂದು ಸಾಧನವನ್ನೂ ಒಂದು ನೋಟುಬುಕ್ಕನ್ನೂ ಕೊಂಡುಕೋ. ಒಂದಕ್ಕಿಂತ ಹೆಚ್ಚು ನಾಣ್ಯ ಒಂದೇ ಕಡೆ ಕಂಡರೆ ಕೈ ನಿಲ್ಲಿಸು. ಮೊದಲ ಮೂರು ತಿಂಗಳು ಕಬ್ಬಿಣ ಬೇಡ ಎಂಬ ಆ ಗುಂಡಿಯನ್ನು ಮುಟ್ಟಬೇಡ.

"ಕಿವಿ ಹೋಗುತ್ತೆ ದೊಡ್ಡಮ್ಮ, ಬರೀ ಮೊಳೆ ಕೂಗುತ್ತೆ" ಎಂದ. ಕೂಗಲಿ ಎಂದೆ.

ಮೊದಲ ತಿಂಗಳ ಪಟ್ಟಿ ಕಳಿಸಿದ್ದಾನೆ. ಬಾಟಲಿ ಮುಚ್ಚಳ 31, ಬೇಟೆ ತೋಟಾದ ಹಿತ್ತಾಳೆ ತಳ 14, ಸೀಸದ ಚೂರು, ಒಂದು ಗುಂಡಿ, ವಿಕ್ಟೋರಿಯಾ ರಾಣಿಯ ಸವೆದ ಒಂದು ಪೆನ್ನಿ, ಮೊಳೆ ಲೆಕ್ಕವಿಲ್ಲ, ಬಾಗಿದ ಒಂದು ಕಬ್ಬಿಣದ ತುಂಡು. ತುಂಡಿನ ಫೋಟೋ ನೋಡಿ ನನಗೇನೂ ತಿಳಿಯಲಿಲ್ಲ. ಸಂತೆಯ ದಿನ ನಮ್ಮೂರ ಕಮ್ಮಾರನಿಗೆ ತೋರಿಸಿದೆ. ಅವನು ಮೊಬೈಲನ್ನು ಬೆಳಕಿಗೆ ಹಿಡಿದು ತೂತುಗಳನ್ನು ಎಣಿಸಿದ. "ಎತ್ತಿಂದಲ್ಲ ಮೇಡಂ, ಎತ್ತಿಂದಾದ್ರೆ ಎರಡು ಹೋಳಿರ್ತದೆ. ಕುದುರೇದು. ಈ ಕಡೆ ಹೆಚ್ಚು ಸವೆದೈತೆ ನೋಡ್ರಿ, ಕುಂಟ್ತಿತ್ತೋ ಏನೋ." ಅದನ್ನು ಹಾಗೇ ಬರೆದು ಅವನಿಗೆ ಕಳಿಸಿದೆ. ಹೊಲದ ಬಡಗಣ ಬೇಲಿಯಿಂದ ಹನ್ನೆರಡು ಹೆಜ್ಜೆ, ಒಂದು ಗೇಣು ಆಳ ಎಂದು ನೋಟುಬುಕ್ಕಿನಲ್ಲಿ ಅವನು ಗುರುತು ಹಾಕಿಕೊಂಡಿದ್ದಾನಂತೆ.